ಪ್ಯಾಡಲ್ ಎಂಬ ಅರ್ಜಿ

ವಾರದಲ್ಲಿ ಆರು ದಿನ ಜೋಗಿಮಟ್ಟಿ ಸಾಲಿನ ಬೆಟ್ಟದ ಮೇಲೆ
ಎಂಬತ್ತು ಮೀಟರು ಎತ್ತರದ ಡಬ್ಬಿಯೊಳಗೆ ಕೂತು
ಗಾಳಿಯಂತ್ರದ ಗೇರಿಗೆ ಎಣ್ಣೆ ಬಿಡುತ್ತೇನೆ.
ಅಲ್ಲಿ ಯಾರೂ ಏನೂ ಬದಲಿಸುವುದಿಲ್ಲ.
ಗಾಳಿ ಜೋರಾದರೆ ರೆಕ್ಕೆ ತಾನೇ ಓರೆಯಾಗುತ್ತದೆ,
ಮೆತ್ತಗಾದರೆ ತಾನೇ ಎದೆಯೊಡ್ಡುತ್ತದೆ.
ನನ್ನದು ಬರೀ ಎಣ್ಣೆ, ಮತ್ತು ಪುಸ್ತಕದಲ್ಲಿ ಸಹಿ.

ಏಳನೆಯ ದಿನ, ಚಳ್ಳಕೆರೆ ದಾರಿಯ ಒಣಕೆರೆ.
ಹಳೆ ಟೈರು ನಿಲ್ಲಿಸಿ ಗೀಚಿದ ದೊಡ್ಡ ಎಂಟಂಕಿ.
ದಾದಾಪೀರನ ಒಂದು ಕೈಲಿ ಸ್ಟಾಪ್‌ವಾಚು,
ಇನ್ನೊಂದರಲ್ಲಿ ಮಂಡಕ್ಕಿ ಪೊಟ್ಟಣ.

ಮೊದಲು ನನ್ನ ಹಳೆಯ ಕಾರು.
ಗೇರುಗುಂಡಿನ ಅಂಕಿಗಳು ಅಂಗೈಗೆ ಸವೆದು ಬೋಳಾಗಿವೆ.
ಬೆರಳು ಬ್ರೇಕಿನ ಮೇಲೆ, ಹಿಮ್ಮಡಿ ಆಕ್ಸಿಲರೇಟರಿಗೆ,
ಎಡಗಾಲು ಕ್ಲಚ್ಚಿಗೆ,
ಮೂರನೇ ತಿರುವಿನಲ್ಲಿ ಎರಡನೇ ಗೇರು ಕೂರದೆ
ಕರ್ರ್ ಅಂದದ್ದೇ, ಟಿಟ್ಟಿಭವೊಂದು ಎದ್ದು
ಇಡೀ ಸುತ್ತು ಬೈದುಕೊಂಡೇ ಬಂತು.
ಐವತ್ತೊಂದು ಪಾಯಿಂಟ್ ನಾಲ್ಕು.

ಆಮೇಲೆ ದುರುಗೇಶನ ಹೊಸ ಕೆಂಪು ಕಾರು, ಆಟೋಮ್ಯಾಟಿಕ್.
ಎಲೆಗೆ ಬಡಿಸಿದ್ದು ಉಂಡು ಕೈತೊಳೆದು ಬಂದ ಹಾಗಾಯಿತು.
ನಲವತ್ತೊಂಬತ್ತು ಪಾಯಿಂಟ್ ಎರಡು.
ಮಂಡಕ್ಕಿ ಅಗಿಯುವುದನ್ನೇ ಮರೆತ ದಾದಾಪೀರ.

‘ಈಗ ಮ್ಯಾನ್ಯುವಲ್‌ಗೆ ತಳ್ಳಿ ನೋಡಪ’ ಅಂದ ದುರುಗೇಶ.
ತಳ್ಳಿದೆ. ಅದೇ ತಿರುವು.
ಸ್ಟೀರಿಂಗಿನ ಎಡಗಿವಿ ಹಿಂಡಿ ಎರಡನೇ ಗೇರು ಕೇಳಿದೆ.
ಟುಂಯ್ ಅಂತು.
ಇನ್ನೊಮ್ಮೆ ಹಿಂಡಿದೆ.
ಟುಂಯ್: ಸಾಹೇಬರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ.
ನೇರ ದಾರಿಗೆ ಬಿದ್ದು ಎಂಜಿನ್ನು ಅರಚುವಷ್ಟರಲ್ಲಿ
ಕೇಳದಿದ್ದರೂ ಮೇಲಿನ ಗೇರು ಮಂಜೂರು.
ಮ್ಯಾನ್ಯುವಲ್ ಎಂದು ಬರೆದಿರುವುದು ಅರ್ಜಿಯ ತಲೆಬರಹ;
ಸಹಿ ಒಳಗಿನವರದೇ.
ಐವತ್ತು ಪಾಯಿಂಟ್ ಒಂದು.

‘ನಿನಗಿಂತ ಅದಕ್ಕೆ ಗೊತ್ತೈತೆ.
ಕೊಟ್ಟಿದ್ರೆ ವಾಲ್ವು ಪುಡಿ ಆಗ್ತಿತ್ತು ಕಣಪ್ಪ.’
ಸರಿಯೇ. ಬೆಟ್ಟದ ಮೇಲೆ ನಾನು ಸಂಬಳ ತಗೊಂಡು
ಕಾಯುವುದೂ ಇಂಥದೇ ಬುದ್ಧಿಯನ್ನು.

ಆದರೂ ಸಂಜೆ ಹೈವೇಯಲ್ಲಿ ಲೆಕ್ಕ ಹಾಕುತ್ತ ಬಂದೆ:
ಕಳೆದುಕೊಂಡ ಎರಡು ಚಿಲ್ಲರೆ ಸೆಕೆಂಡು ಎಲ್ಲೆಲ್ಲಿ ಬಿದ್ದವೆಂದು
ಕತ್ತಲಲ್ಲೂ ಹೋಗಿ ಹೆಕ್ಕಿ ತರಬಲ್ಲೆ.
ಒಂದು, ಟಿಟ್ಟಿಭ ಎದ್ದಲ್ಲಿ. ಅರ್ಧ, ಆ ಮಣ್ಣಗುಡ್ಡೆಯ ಹತ್ತಿರ.
ನಲವತ್ತೊಂಬತ್ತರ ಓಟವೂ ನಾನೇ ಓಡಿಸಿದ್ದು.
ಎಲ್ಲಿ ಉಳಿಸಿದೆ ಎಂದರೆ ಮಾತ್ರ
ಕಾರಿನ ಮುಖ ನೋಡಬೇಕು.

ಸೋಮವಾರ, ಏಣಿಯ ಅರ್ಧದಲ್ಲಿ ಉಸಿರು ಕಟ್ಟಿ ನಿಂತೆ.
ಕೆಳಗೆ ದುರ್ಗ, ಮೇಲೆ ತಾನೇ ತಿರುಗುವ ರೆಕ್ಕೆ.
ಎಡಗಾಲು ಗಾಳಿಯಲ್ಲಿ
ಕ್ಲಚ್ಚು ಹುಡುಕುತ್ತಿತ್ತು.