ಬರಿ ಹಲ್ಲು

ಪಾರ್ಸೆಲ್ಲಿನಲ್ಲಿ ಬಂದದ್ದು ಹನ್ನೊಂದು ಹಲ್ಲು.
ಹತ್ತಿ ಸುತ್ತಿ, ಬೆಂಕಿಪೊಟ್ಟಣದೊಳಗಿಟ್ಟು
ಮೇಲೆ ಪೆನ್ಸಿಲಿನಲ್ಲಿ ಒಂದು ನಂಬರು.
ಮಿಕ್ಕ ಮೈಯೆಲ್ಲ ಮೆದು ಎಲುಬು,
ಕಲ್ಲಾಗುವ ಮೊದಲೇ ಕರಗಿತ್ತು.

ಭಾನುವಾರ ಮಲ್ಪೆಗೆ ತಂದೆ, ಮನೆಗೆ.
ಅಮ್ಮ ಮೆಟ್ಟುಗತ್ತಿಯ ಮೇಲೆ ಕೂತಿದ್ದಳು.
ಕನ್ನಡಕ ಮೂಗಿನ ತುದಿಗಿಳಿಸಿ
ಒಂದನ್ನು ಬೆಳಕಿಗೆ ಹಿಡಿದು, "ತಾಟೆ," ಅಂದಳು.
ಆಮೇಲೆ, ಮದುವೆಮನೆಯ ಹೊಸಬರನ್ನು ಕೇಳುವ ಹಾಗೆ:
"ಇದರ ಬರಿ ಯಾವುದು?"

ನಾವು ಕುಂದರ್. ಅಮ್ಮನ ಬರಿ, ಅಮ್ಮನಮ್ಮನ ಬರಿ.
ಅಪ್ಪ ಮೆಂಡನ್; ಅದು ಅಪ್ಪನ ಅಕ್ಕಂದಿರ ಮನೆಯಲ್ಲೇ ಉಳಿಯಿತು.
ಆದರೆ ಇದಕ್ಕೆ, ಅಮ್ಮಾ,
ಕೇಳಿದರೆ ಹೇಳುವ ಬಾಯಿಲ್ಲ.
ಬರಿ ಹಲ್ಲು.

ಅವಳು ಬುಟ್ಟಿಯಿಂದ ಒಂದು ನಂಗ್, ಒಂದು ತೊರಕೆಮರಿ ತೆಗೆದು
ಪಕ್ಕಪಕ್ಕ ಮಲಗಿಸಿದಳು.
ಎರಡೂ ಚಪ್ಪಟೆ, ಎರಡೂ ಮರಳಿನ ಬಣ್ಣ.
"ಅಕ್ಕತಂಗಿ ಅನ್ನಿಸ್ತದಲ್ಲ? ಅಲ್ಲ.
ನಂಗ್ ಮಗ್ಗುಲಾಗಿ ಮಲಗಿದ್ದು,
ಕೆಳಗಿನ ಕಣ್ಣೂ ಮೇಲೆ ಬಂದಿದೆ ನೋಡು.
ಇದು ಬೋರಲು ಬಿದ್ದದ್ದು."
ಎರಡನ್ನೂ ಕತ್ತಿಗೆ ಕೊಟ್ಟಳು.
ನಂಗ್ ಕಟಕ್ ಎಂದಿತು.
ತೊರಕೆ ಎಳೆಸೌತೆಯ ಹಾಗೆ ಸುಮ್ಮನೆ ಇಬ್ಭಾಗ,
ತಾಟೆಯ ಹಾಗೆ.
"ಕಣ್ಣಿಗಲ್ಲ, ಕತ್ತಿಗೆ ಗೊತ್ತು."

ಸೋಮವಾರ ಉಡುಪಿಯ ಲ್ಯಾಬಿನಲ್ಲಿ
ಚೌಕ ಚೌಕಗಳಲ್ಲಿ ಬರೆಯುತ್ತೇನೆ:
ಅಂಚಿನಲ್ಲಿ ಗರಗಸ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ.
ಬುಡದಲ್ಲಿ ಸೀಳು, ಒಂದು.
ಮುರಿದಿದ್ದರೆ ಪ್ರಶ್ನೆಚಿಹ್ನೆ.
ಪ್ರಶ್ನೆಚಿಹ್ನೆಗಳೇ ಹೆಚ್ಚು.

ಹಲ್ಲಿರುವುದು ನಂಟಲ್ಲ, ಎಲ್ಲರಿಗೂ ಇದೆ.
ಗರಗಸವನ್ನೂ ಪೂರಾ ನಂಬುವಂತಿಲ್ಲ,
ಮಾಂಸ ಹರಿಯುವವರು ಬೇರೆ ಬೇರೆ ಮನೆಗಳಲ್ಲಿ
ತಾವೇ ಮಾಡಿಕೊಂಡಿರಬಹುದು.
ಆದರೆ ಯಾವಳೋ ಒಬ್ಬಳಲ್ಲಿ ಹೊಸದಾಗಿ ಬಿದ್ದ ಸಣ್ಣ ಗೀರು
ಅವಳ ಮಕ್ಕಳು ಮೊಮ್ಮಕ್ಕಳಲ್ಲಿ ಮಾತ್ರ ಸಿಕ್ಕಿದರೆ
ಅದು ಬರಿ.

ಕಂಪ್ಯೂಟರು ರಾತ್ರಿಯಿಡೀ ಮರ ಬರೆಯಿತು, ಅಳಿಸಿತು,
ಅತಿ ಕಡಿಮೆ ಬದಲಾವಣೆ ಬೇಡುವ ಮರಕ್ಕಾಗಿ.
ಬೆಳಿಗ್ಗೆ ಉಳಿದವು ಮೂರು, ಒಂದೇ ಲೆಕ್ಕದವು.
ಕವಲೊಡೆಯುವ ಕಡೆಯೆಲ್ಲ ಒಬ್ಬಳು ನಿಂತಿರಬೇಕು.
ಅಲ್ಲಿ ಹೆಸರಿಲ್ಲ.

ಅಮ್ಮನ ಫೋನು:
"ಹೇಗೆ, ಈಗಿನ ತಾಟೆಯ ಅಜ್ಜಿಯಾ ಅದು?"
ಅಜ್ಜಿ ಎನ್ನಲಾರೆ.
ಅಜ್ಜಿಯ ತಂಗಿ ಇರಬಹುದು, ಸಂತಾನ ಮುಂದುವರಿಯದವಳು.
ಅತ್ತ ಸ್ವಲ್ಪ ಹೊತ್ತು ಕತ್ತಿಯ ಸದ್ದಿಲ್ಲ.
"ನಮ್ಮ ಚಂದ್ರಾವತಿ ಚಿಕ್ಕಮ್ಮನ ಹಾಗೆ," ಅಂದಳು.
"ಅವಳಿಗೂ ಒಂದು ಗೆರೆ ಎಳೆದಿದ್ದಿಯಲ್ಲ?"

ಎಳೆದಿದ್ದೇನೆ ಅಮ್ಮ.
ಮೂರೂ ಮರದಲ್ಲಿ. ಗಿಡ್ಡ ಗೆರೆ.