ಒಂಟಿ ಗಾಜಿನ ಡ್ರಾಯರು

ದುರ್ಗಿಗುಡಿಯಲ್ಲಿ ಚಪ್ಪಲಿ ಅಂಗಡಿಯ ಮಗ್ಗುಲಿಗೆ
ನಮ್ಮ ಕನ್ನಡಕದಂಗಡಿ.
ಗಾಜು ಉಜ್ಜುವ ಕೆಲಸ ನನ್ನದು, ಹತ್ತೊಂಬತ್ತು ವರ್ಷ.
ಬೆರಳ ಗೆರೆ ಸವೆದು
ಆಧಾರಿನ ಯಂತ್ರ ನನ್ನನ್ನು ಗುರುತಿಸುವುದಿಲ್ಲ.

ಮೊನ್ನೆ ಹೊಳೆಹೊನ್ನೂರಿನ ನಾಗವೇಣಿ ಬಂದಳು,
ಬಿಎಸ್ಸಿ ಎರಡನೇ ವರ್ಷ, ಮೈನಸ್ ಎಂಟು.
ಒಡೆದದ್ದು ಬಲಗಡೆಯದು ಮಾತ್ರ.
ಒಂದೇ ಹಾಕಿದರೆ ಬಣ್ಣ ಹೊಂದುವುದಿಲ್ಲ, ಎರಡೂ ಹೊಸದು, ಅಂದೆ.
ಕೂರಲಾರದೆ ಫೋನಿನಲ್ಲಿ ಚಿತ್ರ ತೋರಿಸಿದಳು:
'ಅಕ್ಕಾ, ಇದು ಮಸೂರ ಗೆಲಾಕ್ಸಿ.'

ಮಸೂರ ನನಗೆ ಗೊತ್ತು.
ನಡು ದಪ್ಪ, ಅಂಚು ತೆಳು,
ಚನ್ನಂಗಿ ಬೇಳೆ ಅಡ್ಡ ಹಿಡಿದ ಹಾಗೆ.
ನಿನ್ನದು ಉಲ್ಟಾ, ಅಂದೆ. ನಕ್ಕಳು.

ಅಲ್ಲಿ ಹೊಸ ನಕ್ಷತ್ರ ಹುಟ್ಟುವುದು
ಹೆಚ್ಚುಕಡಿಮೆ ನಿಂತೇ ಹೋಗಿದೆಯಂತೆ.
ಕಣ್ಣಿಗೆ ಒಂದು ಮಸುಕು ಬೊಟ್ಟು, ಅಷ್ಟೆ.
ರೇಡಿಯೋದಲ್ಲಿ ನೋಡಿದರೆ
ಎರಡೂ ಕಡೆ ಚಾಚಿದೆಯಂತೆ, ತನಗಿಂತ ಹತ್ತು ಪಟ್ಟು.
ರೇಡಿಯೋದಲ್ಲಿ ಕೇಳುವುದಲ್ಲವೆ?
ನೋಡುವುದೇ, ಅಂದಳು.

ಮೂಲೆಯ ಸ್ಟೂಲಿನಲ್ಲಿ ಹಯಾತ್ ಸಾಬರು.
ಲಕ್ವ ಹೊಡೆದು ಮಾತು ಹೋಗಿ ಮೂರು ವರ್ಷ.
ಇಂದಿಗೂ ಗಿರಾಕಿ ಒಳಬಂದರೆ
ಮೊದಲು ಆ ಸ್ಟೂಲಿನತ್ತಲೇ ವಾಲುತ್ತಾರೆ,
ರೇಟು ಹೇಳುವವಳು ನಾನಾದರೂ.
ನಾನು ತಪ್ಪು ಪವರಿನ ಗಾಜೆತ್ತಿಕೊಂಡರೆ
ಅವರ ಎಡಗೈ ಬೆರಳು
ಮರದ ಮೇಲೆ ಒಮ್ಮೆ ತಟ್ಟುತ್ತದೆ.
ಸಿಟಿ ಬಸ್ಸಿನ ಹಾರನ್ನಿನಲ್ಲಿ
ಬೇರೆ ಯಾರಿಗೂ ಕೇಳದು.

'ಪಕ್ಕದಲ್ಲಿರುವ ಈ ಚುಕ್ಕಿ?'
'ಅದರ ಜೊತೆಗಾರ. ಸಣ್ಣದು.
ನಡುವೆ ಅನಿಲದ ಎಳೆಯಿದೆ ಅನ್ನುತ್ತಾರೆ ಕೆಲವರು.
ಏನೂ ಇಲ್ಲ, ಅದು ಎಷ್ಟೋ ಹಿಂದಿದೆ,
ನಾವು ನಿಂತ ಜಾಗದಿಂದ ಹತ್ತಿರ ಕಾಣುತ್ತದೆ, ಅಷ್ಟೇ
ಅನ್ನುತ್ತಾರೆ ಇನ್ನು ಕೆಲವರು.'

ದುಡ್ಡು ಎಣಿಸಿ ಕೊಟ್ಟು ಹೊರಡುವಾಗ ಹೇಳಿದಳು:
ಆ ಬೆಳಕು ಹೊರಟು ಅರವತ್ತು ಕೋಟಿ ವರ್ಷ.
ಆಗ ಭೂಮಿಯ ಮೇಲೆ
ಯಾವ ಜೀವಕ್ಕೂ ಕಣ್ಣಿರಲಿಲ್ಲ.

ಅವಳ ಎಡಗಡೆಯ ಹಳೇ ಗಾಜು ಡ್ರಾಯರಿಗೆ ಬಿತ್ತು.
ಅದರ ತುಂಬ ಇಂಥವೇ,
ಒಡೆಯದೆ ಉಳಿದವು.
ಎಸೆಯೋಣವೆಂದು ಪ್ರತಿ ಆಯುಧಪೂಜೆಗೂ ತೆಗೆಯುತ್ತೇನೆ,
ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ.

ರಾತ್ರಿ ಶಟರು ಅರ್ಧ ಇಳಿಸಿದ್ದೆ, ಕರೆಂಟು ಹೋಯಿತು.
ಫೋನಿನ ಟಾರ್ಚಿಗೆ ಅಡ್ಡ ಒಂದು ಗಾಜು ಹಿಡಿದೆ.
ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ,
ಅಂಚು ಕರಗಿದ ಒಂದು ಬೆಳಕು.

ಸಾಬರ ಬೆರಳು ಎರಡು ಸಲ ತಟ್ಟಿತು.

ಒಂದಕ್ಕೆ, ತಪ್ಪು ಎಂದರ್ಥ.
ಎರಡಕ್ಕೆ
ನಾವಿನ್ನೂ ಅರ್ಥ ಇಟ್ಟುಕೊಂಡಿಲ್ಲ.