ಗಣಿಯ ತಳದಿಂದ ಚಿಕ್ಕಿ

ಹಟ್ಟಿಯ ಶಾಲೆ, ಏಳನೇ ಕ್ಲಾಸು.
ಬೋರ್ಡಿನ ಮೇಲೆ ನಾನು ಬರೆದ ಸೂರ್ಯ
ಬದನೆಕಾಯಿಯ ಹಾಗೆ ಸೊಟ್ಟಗಾಗಿದ್ದ.
ಹಿಂದಿನ ಬೆಂಚಿನ ಹುಲಿಗೆಮ್ಮ ಎದ್ದು ನಿಂತಳು:
"ಮೇಡಂ, ಆಳದ ಬಾವ್ಯಾಗ ಇಳಿದು ನೋಡಿದರ
ಹಗಲಿನ್ಯಾಗೂ ಚಿಕ್ಕಿ ಕಾಣ್ತಾವಂತ, ಖರೇನ್ರಿ?"

ಅಜ್ಜಿ ಹೇಳಿದ್ದಳು ನನಗೆ.
ನಾನೂ ನಂಬಿ, ಎಷ್ಟೋ ಮಕ್ಕಳಿಗೆ ದಾಟಿಸಿದ್ದೆ.
ಅವತ್ತು ಯಾಕೋ ಬಾಯಿ ಬರಲಿಲ್ಲ.
"ನಿಮ್ಮಪ್ಪ ದಿನಾ ಇಳಿಯುತ್ತಾರಲ್ಲ,
ಕೇಳಿಕೊಂಡು ಬಾ."

ಮರುದಿನ ಉತ್ತರ ಬಂತು, ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ:
'ಕೇಜು ಇಳಿದಂಗ ಮ್ಯಾಲಿನ ಬೆಳಕು ಮೊದಲ ಗಂಗಾಳದಷ್ಟು,
ಆಮ್ಯಾಗ ಎಂಟಾಣೆಯಷ್ಟು, ಆಮ್ಯಾಗ ಸಾಸಿವೆಯಷ್ಟು,
ಆಮ್ಯಾಗ ಇಲ್ಲ.
ಇಪ್ಪತ್ತೆರಡು ವರ್ಷ ಆತು, ಒಂದೂ ಚಿಕ್ಕಿ ಕಂಡಿಲ್ಲ
ಅಂತ ಹೇಳು ಅಂದಾನ.'

ಆ ಹಾಳೆಯನ್ನೇ ಗೋಡೆಗೆ ಅಂಟಿಸಿ ಪಾಠ ಮುಂದುವರಿಸಿದೆ:
ಸಾಸಿವೆಯಷ್ಟೇ ಆಕಾಶವಾದರೂ
ಅದು ಹಗಲಿನ ಆಕಾಶವೇ;
ಗಾಳಿ ಚೆಲ್ಲಾಡಿದ ಬಿಸಿಲು ಅಲ್ಲೂ ಇದೆ.

ಶನಿವಾರ ರಾತ್ರಿ ಮೈದಾನಕ್ಕೆ ದೂರದರ್ಶಕ ತಂದೆವು,
ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದೆವು.
ದುರುಗಪ್ಪನೂ ಬಂದಿದ್ದ, ಮಗಳ ಹಿಂದೆ,
ತಲೆದೀಪದ ಪಟ್ಟಿಯ ಗುರುತು ಹಣೆಯ ಮೇಲೆ ಹಾಗೇ ಇತ್ತು.
"ಬಂಗಾರ ಮಾಡುವುದು ನಮ್ಮ ಸೂರ್ಯನ ಕೈಲಾಗದು," ಎಂದೆ.
"ಸತ್ತ ಎರಡು ನಕ್ಷತ್ರ ಡಿಕ್ಕಿ ಹೊಡೆಯಬೇಕು.
ಆ ಧೂಳೇ ಕೂಡಿ ಭೂಮಿಯಾಯಿತು, ನಿಮ್ಮ ಕಲ್ಲಿನ ಗೆರೆಯಾಯಿತು."
ಆತ ಬಹಳ ಹೊತ್ತು ಸುಮ್ಮನಿದ್ದು ಕೇಳಿದ:
"ಯಾವ ಪಾಳ್ಯಾಗ ಆತ್ರಿ ಅದು?"
"ಭೂಮಿ ಹುಟ್ಟುವ ಮೊದಲು."
"ಹಂಗಾರ ಹಾಜರಿ ಪುಸ್ತಕದಾಗ ಇರಾಕಿಲ್ಲ ಬಿಡ್ರಿ."

ನಕ್ಕು ಕಣ್ಣಿಟ್ಟ.
ಗುರು ಗ್ರಹ, ಪಕ್ಕದಲ್ಲಿ ನಾಲ್ಕು ಚಂದ್ರರು,
ದಾರಕ್ಕೆ ಪೋಣಿಸಿದ ಹಾಗೆ.
ಅಷ್ಟರಲ್ಲಿ ನೆಲದೊಳಗೆ ಎಲ್ಲೋ ಮದ್ದು ಸಿಡಿಯಿತು;
ಕಾಲಡಿ ಸಣ್ಣಗೆ ನಡುಗಿ, ಇಟ್ಟಿಗೆ ಜರುಗಿ,
ಗುರು ಕುಣಿದು ಕಣ್ಮರೆ.
"ಎರಡನೇ ಪಾಳಿಯವರು," ಎಂದ ದುರುಗಪ್ಪ,
ಕಣ್ಣು ತೆಗೆಯದೆ, ಕತ್ತಲನ್ನೇ ನೋಡುತ್ತ.

ಮತ್ತೆ ಹುಡುಕಿದೆವು.
ಇಟ್ಟಿಗೆ ಸರಿಯಾಗಿ ಕೂತಿತ್ತು, ಆದರೂ ಸಿಕ್ಕಿದ್ದು ಜಾರಿತು,
ಮತ್ತೆ ಸಿಕ್ಕಿತು, ಮತ್ತೆ ಜಾರಿತು.
"ಈಗ ಯಾರ್ರಿ ಮೇಡಂ ಅಲುಗಾಡ್ಸೋರು?" ಎಂದಳು ಹುಲಿಗೆಮ್ಮ.
"ಭೂಮಿ ತಿರುಗುತ್ತಿದೆ," ಎಂದೆ,
"ಅದಕ್ಕೆ ಪಾಳಿ ಇಲ್ಲ."